ಮೈಲಿಗಲ್ಲು ಬಂತು, ಮೆಂಟೆನೆನ್ಸ್ ಬರಲಿಲ್ಲ

ಕನ್ನಡ ವಿಮರ್ಶೆ ಬಹಳ ಸವೆಸಿದ ಪದಗಳಲ್ಲಿ 'ಮೈಲಿಗಲ್ಲು' ಒಂದು. ಯಾವುದೋ ಕಾದಂಬರಿ ಕನ್ನಡ ಕಾದಂಬರಿ ಲೋಕದ ಮೈಲಿಗಲ್ಲು, ಯಾವುದೋ ಸಂಕಲನ ನವ್ಯಕಾವ್ಯದ ಮೈಲಿಗಲ್ಲು. ನಾನೂ ಹಾಗೆ ಬರೆದಿದ್ದೇನೆ. ಬರೆಯುವಾಗ ಇದು ರಸ್ತೆ ಕಟ್ಟುವವರ ಪದ ಎಂದಾಗಲಿ, ಅದರ ಅರ್ಧ ಇಂಗ್ಲಿಷ್ ಎಂದಾಗಲಿ ಹೊಳೆದಿರಲಿಲ್ಲ. ಹೊಳೆಯುವಂತೆ ಕನ್ನಡ ಅದನ್ನು ಉಳಿಸಿಯೂ ಇಲ್ಲ. ಮಳೆ ಮತ್ತು ಕಾಲ ಸೇರಿ ಮಳೆಗಾಲ ಆಗುವಂತೆ ಮೈಲಿ ಮತ್ತು ಕಲ್ಲು ಸೇರಿ ಮೈಲಿಗಲ್ಲು ಆಯಿತು. ಶಾಲೆಯಲ್ಲಿ ಆದೇಶ ಸಂಧಿ ಎಂದು ಕಲಿತ ನಿಯಮವನ್ನು ಭಾಷೆ ಹೊರಗಿನಿಂದ ಬಂದವನಿಗೂ ಹಾಕಿತು, ಅವನು ಒಪ್ಪಿದ. ದೇಶ ಮೈಲಿಯನ್ನು ಬಿಟ್ಟು ಕಿಲೋಮೀಟರಿಗೆ ಬಂದು ಅರ್ಧ ಶತಮಾನ ದಾಟಿದೆ. ಕಿಲೋಮೀಟರ್‌ಗಲ್ಲು ಎಂದು ಯಾರೂ ಅನ್ನುವುದಿಲ್ಲ. ಅಳತೆ ಹೋದರೂ ಪದ ಉಳಿದಿದೆ.

ರಸ್ತೆಯ ಜೊತೆ ಬಂದ ಇಂಗ್ಲಿಷ್ ಪದಗಳನ್ನು ಒಂದು ಪಠ್ಯದಂತೆ ಓದಬಹುದೇ ಎಂಬ ಯೋಚನೆ ನನಗೆ ಹುಟ್ಟಿದ್ದು ಹೀಗೆ. ಕೆಲವು ಪದಗಳು ಮೈಲಿಗಲ್ಲಿನಂತೆ ಊರಿನೊಳಗೆ ಬಂದು ಮನೆಯವರಾದವು. ಕೆಲವು ಇನ್ನೂ ಕಚೇರಿಯ ಹೊಸ್ತಿಲು ದಾಟಿಲ್ಲ. ಯಾವುದು ಬಂತು, ಯಾವುದು ಬರಲಿಲ್ಲ, ಯಾಕೆ? ಈ ಪ್ರಶ್ನೆಯನ್ನು ಕನ್ನಡಾಭಿಮಾನದ ಪ್ರಶ್ನೆಯಾಗಿ ಕೇಳಿದರೆ ಹಳೆಯ ಜಗಳವೇ ಮತ್ತೆ ಶುರುವಾಗುತ್ತದೆ. ಒಂದು ಸೀಮೆಯನ್ನು ಮುಂದಿಟ್ಟುಕೊಂಡು ಕೇಳಿದರೆ ಬೇರೆ ಉತ್ತರ ಸಿಗಬಹುದು.

ನಾನು ಮುಂದಿಟ್ಟುಕೊಂಡದ್ದು ವಳಕಮದಿನ್ನಿಯ ಸುತ್ತಿನ ಸೀಮೆ. ಸಿಂಧನೂರು, ಲಿಂಗಸೂಗೂರು, ಮಸ್ಕಿ ಎಂಬ ಮೂರು ಹೆಸರುಗಳ ನಡುವಿನ ರಾಯಚೂರು ಜಿಲ್ಲೆಯ ನೆಲ. ಆ ಊರಿನ ಹೆಸರಿನ ಕೊನೆಯಲ್ಲಿರುವ 'ದಿನ್ನಿ' ಎಂದರೆ ದಿಬ್ಬ, ಎತ್ತರದ ನೆಲ. ಸಿಂಧನೂರು ಕಡೆ ಪಗಡದಿನ್ನಿಯೂ ಇದೆ. ಇದೇ ದಿನ್ನಿ ನಮ್ಮ ಕಡೆಯ ದಿನದ ಮಾತಿನಲ್ಲಿ ಇನ್ನೊಂದು ಪದದ ಜೊತೆ ಸೇರಿ ಓಡಾಡುತ್ತದೆ: ತಗ್ಗು–ದಿನ್ನಿ. ರಸ್ತೆ ಕೆಟ್ಟಿದೆ ಎಂದು ಹೇಳಲು ಜನಕ್ಕೆ ಇಂಗ್ಲಿಷೂ ಬೇಡ, ಸರ್ಕಾರಿ ಕನ್ನಡವೂ ಬೇಡ. 'ಬರೇ ತಗ್ಗು ದಿನ್ನಿ' ಎಂದರೆ ಸಾಕು, ಬಂಡಿ ಹೇಗೆ ಓಲಾಡುತ್ತದೆ, ಬಸುರಿ ಹೆಂಗಸನ್ನು ಟಂಟಂನಲ್ಲಿ ಕೂರಿಸಿದರೆ ಏನಾಗುತ್ತದೆ ಎಂಬುದೆಲ್ಲ ಕೇಳಿದವರಿಗೆ ತಿಳಿಯುತ್ತದೆ.

ರಸ್ತೆಯ ಪದಕೋಶ ಈ ನೆಲದಲ್ಲಿ ಶುರುವಾಗುವುದೂ ಮಣ್ಣಿನಿಂದಲೇ. ಎರಿ, ಮಸಾರಿ, ಗರಸು, ಸವಳು. ರೈತನಿಗೆ ಇವು ಬೆಳೆಯ ಪದಗಳು, ರಸ್ತೆ ಮಾಡುವವನಿಗೆ ಕಷ್ಟಸುಖದ ಪದಗಳು. ಎರಿ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಬಿರಿಯುತ್ತದೆ. ಅದರ ಮೇಲೆ ಹಾಸಿದ ಡಾಂಬರು ಎಲ್ಲೂ ಕಿತ್ತಿರದಿದ್ದರೂ ಕೆಲವು ವರ್ಷಗಳಲ್ಲಿ ಅಲೆಅಲೆಯಾಗುವುದು ಇದರಿಂದಲೇ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಈ ಸೀಮೆಯ ಎಷ್ಟೋ ರಸ್ತೆಗಳ ಎರಡೂ ಬದಿಗೆ ಭತ್ತದ ಗದ್ದೆ ನಿಂತಿತು. ಪಕ್ಕದಲ್ಲಿ ಸದಾ ನೀರು, ಅಡಿಯಲ್ಲಿ ಎರಿ, ಮೇಲೆ ಭತ್ತದ ಲಾರಿ. ಎಂಜಿನಿಯರರು ಈ ಮಣ್ಣನ್ನು 'ಬಿ.ಸಿ. ಸಾಯಿಲ್' ಎನ್ನುತ್ತಾರೆ, ಅಂದರೆ ಬ್ಲ್ಯಾಕ್ ಕಾಟನ್ ಸಾಯಿಲ್. ಹಳೆಯ ಇಂಗ್ಲಿಷ್ ಪುಸ್ತಕಗಳಲ್ಲಿ ಇದಕ್ಕೇ 'ರೆಗರ್' ಎಂಬ ಹೆಸರಿದೆ. ಅದು ತೆಲುಗಿನ ರೇಗಡಿ. ರಸ್ತೆಯ ಇಂಗ್ಲಿಷಿನಲ್ಲಿ ಇಂಥವು ಇನ್ನೂ ಇವೆ. ಭಾರತದ ರಸ್ತೆ ಕಾಮಗಾರಿಯ ಇಂಗ್ಲಿಷ್ ದಸ್ತಾವೇಜುಗಳಲ್ಲಿ ಗರಸಿನಂಥ ಮಣ್ಣಿಗೆ 'ಮೂರಂ' ಎಂದು ಬರೆದಿರುತ್ತದೆ. ಅದು ಮರಾಠಿಯ ಮುರೂಮ್, ನಮ್ಮವರ ಬಾಯಲ್ಲಿ ಮರಂ. ಅಂದರೆ ಗುತ್ತೇದಾರ ಇಂಗ್ಲಿಷ್ ಟೆಂಡರಿನಲ್ಲಿ ಓದುವ ಪದವೊಂದು ಅವನ ಕೂಲಿಯವರ ಅಜ್ಜಂದಿರ ಪದವೇ ಆಗಿರಬಹುದು.

ಹಾಗೆಂದು ಕನ್ನಡದ ಕಡೆ ಎಲ್ಲವೂ ಶುದ್ಧವಾಗಿತ್ತು ಎಂದುಕೊಳ್ಳುವಂತಿಲ್ಲ. 'ರಸ್ತೆ' ಎಂಬ ಪದವೇ ಫಾರಸಿಯದು. ಅದು ಬರುವ ಮೊದಲು ನಮಗೆ ದಾರಿ, ಹಾದಿ, ಬೀದಿ, ಓಣಿ ಇದ್ದವು, ಹಳಗನ್ನಡಕ್ಕೆ ಬಟ್ಟೆ ಇತ್ತು. ಇವೆಲ್ಲ ನಡೆದು ಆದ ದಾರಿಗಳು. ರಸ್ತೆ ಎಂಬುದು ಮಾಡಿಸಿದ ದಾರಿ. ಮಾಡಿಸುವವನು ಆಳುವವನು, ಆದ್ದರಿಂದ ಪದವೂ ಆಳುವವನ ಕಡೆಯಿಂದ ಬಂತು. 1956ರವರೆಗೆ ರಾಯಚೂರು ಹೈದರಾಬಾದ್ ರಾಜ್ಯದಲ್ಲಿತ್ತು, ಕಚೇರಿಯ ಭಾಷೆ ಉರ್ದು. ಆ ಕಾಲದ ಸಡಕು, ಮೋರಿ, ದುರಸ್ತಿ ಇಂದಿಗೂ ಹಿರಿಯರ ಮಾತಿನಲ್ಲಿವೆ. ಕಾಮಗಾರಿ, ಖಡಿ, ಡಾಂಬರು ಮರಾಠಿಯ ನಂಟಿನವು. ಮೇಸ್ತ್ರಿ ಪೋರ್ಚುಗೀಸರ ಮೆಸ್ತ್ರೆ. ಇಷ್ಟೆಲ್ಲ ಪದರ ಹಾಸಿ ಉರುಳಿಸಿದ ಮೇಲೆ ಇಂಗ್ಲಿಷ್ ಬಂದದ್ದು. ಅದು ಮೊದಲ ಪದರವಲ್ಲ, ಮೇಲಿನ ಪದರ.

ಆ ಮೇಲಿನ ಪದರದಲ್ಲಿ ಊರಿನವಾದ ಪದಗಳನ್ನು ನೋಡಿ. ಸೈಜುಗಲ್ಲು: ಒಂದೇ ಅಳತೆಗೆ ಒಡೆದ ಕಲ್ಲು. ಇಲ್ಲಿಯೂ ಕಲ್ಲು ಗಲ್ಲಾಗಿದೆ, ಸಂಧಿ ಸಲೀಸಾಗಿ ಆಗಿದೆ. ಬೇಬಿ ಜಲ್ಲಿ: ಜಲ್ಲಿಯಲ್ಲಿ ತೀರ ಸಣ್ಣದು. ಯಾವ ಎಂಜಿನಿಯರಿಂಗ್ ಪುಸ್ತಕವೂ ಕೊಟ್ಟದ್ದಲ್ಲ, ಯಾವ ಸಮಿತಿಯೂ ಕೂತು ಮಾಡಿದ್ದಲ್ಲ. ಬುಟ್ಟಿ ಹೊತ್ತವರು ದೊಡ್ಡ ಜಲ್ಲಿಯ ಪಕ್ಕದಲ್ಲಿ ಸಣ್ಣದನ್ನು ನೋಡಿ ಅದಕ್ಕೊಂದು ಹೆಸರಿಟ್ಟರು, ಇಂಗ್ಲಿಷ್ ಪದವನ್ನು ತಮ್ಮ ಕೂಸಿನಂತೆ ಎತ್ತಿಕೊಂಡರು. ಜೆಸಿಬಿ: ಇಂಗ್ಲೆಂಡಿನ ಜೋಸೆಫ್ ಸಿರಿಲ್ ಬ್ಯಾಮ್‌ಫರ್ಡ್ ಎಂಬಾತನ ಹೆಸರಿನ ಮೊದಲಕ್ಷರಗಳು ಈಗ ನೆಲ ಅಗೆಯುವ ಯಾವುದೇ ಯಂತ್ರದ ಹೆಸರು. ಕ್ಯಾಂಪ್ ಇನ್ನೂ ಮುಂದೆ ಹೋಯಿತು. ಕಾಲುವೆ ನೀರಿನ ಜೊತೆ ಆಂಧ್ರದ ಕಡೆಯಿಂದ ಬಂದು ನೆಲೆಸಿದವರ ಬಿಡಾರಗಳು ಸಿಂಧನೂರು ಸುತ್ತ ಊರುಗಳೇ ಆದವು, ಊರಾದ ಮೇಲೂ ಹೆಸರಿನ ಬಾಲದಲ್ಲಿ ಕ್ಯಾಂಪ್ ಉಳಿಯಿತು. ತಾತ್ಕಾಲಿಕ ಎಂಬ ಅರ್ಥದ ಇಂಗ್ಲಿಷ್ ಪದ ಇಲ್ಲಿ ಶಾಶ್ವತ ವಿಳಾಸವಾಗಿದೆ.

'ಮೆಟ್ಲಿಂಗ್' ಎಂಬ ಪದ ಇನ್ನೊಂದು ಪಾಠ ಹೇಳುತ್ತದೆ. ಖಡಿ ಹಾಸಿ ಗಟ್ಟಿ ಮಾಡಿದ ರಸ್ತೆಯನ್ನು ನಮ್ಮವರು ಮೆಟ್ಲಿಂಗ್ ರಸ್ತೆ ಎನ್ನುತ್ತಾರೆ. ನಿಘಂಟು ಹಿಡಿದು ಕೂತ ಅನುವಾದಕ ಮೆಟಲ್ ಎಂದರೆ ಲೋಹ ಎಂದು ಬರೆದು ಲೋಹದ ರಸ್ತೆ ಮಾಡಬಹುದು. ಆದರೆ ಮೆಟಲ್ ಪದದ ಹಿಂದಿನ ಲ್ಯಾಟಿನ್, ಗ್ರೀಕ್ ರೂಪಗಳಿಗೆ ಗಣಿ ಎಂಬ ಅರ್ಥವಿತ್ತು. ಗಣಿಯಿಂದ ತೆಗೆದದ್ದು ಲೋಹವೂ ಹೌದು, ಒಡೆದ ಕಲ್ಲೂ ಹೌದು. ಇಂಗ್ಲಿಷ್ ರಸ್ತೆಯ ಮಾತಿನಲ್ಲಿ ಉಳಿದದ್ದು ಕಲ್ಲು. ಲಿಂಗಸೂಗೂರು ತಾಲ್ಲೂಕಿನ ಹಟ್ಟಿಯಲ್ಲಿ ಚಿನ್ನದ ಗಣಿಯಿದೆ. ಆ ಗಣಿಯ ಚಿನ್ನವೂ ಈ ರಸ್ತೆಯ ಖಡಿಯೂ ಒಂದೇ ಇಂಗ್ಲಿಷ್ ಪದದ ಮಕ್ಕಳು ಎಂಬುದು ಪದಗಳ ಲೋಕದ ತಮಾಷೆ. ಕೂಲಿಯವರು ನಿಘಂಟು ನೋಡದೆ ಮೆಟ್ಲಿಂಗ್ ಎಂದದ್ದರಿಂದ ತಪ್ಪು ಮಾಡಲಿಲ್ಲ. ಕೈಯಲ್ಲಿ ಕಲ್ಲಿತ್ತು, ಬಾಯಲ್ಲಿ ಪದ ಬಂತು, ಎರಡೂ ಹೊಂದಿದವು.

ಸ್ಕಾಟ್ಲೆಂಡಿನ ಜಾನ್ ಲೌಡನ್ ಮೆಕ್ಯಾಡಂ (1756–1836) ಹೇಳಿಕೊಟ್ಟ ವಿಧಾನವೂ ಮೂಲದಲ್ಲಿ ಕೈಯದೇ: ಕಲ್ಲನ್ನು ಸಣ್ಣದಾಗಿ ಒಡೆಯಿರಿ, ಪದರವಾಗಿ ಹಾಸಿ, ರಸ್ತೆಯನ್ನು ಸುತ್ತಲಿನ ನೆಲಕ್ಕಿಂತ ಎತ್ತರಿಸಿ, ನೀರು ನಿಲ್ಲದಂತೆ ಮಾಡಿ. ಅವನ ಹೆಸರು ಇವತ್ತಿಗೂ ವಾಟರ್ ಬೌಂಡ್ ಮೆಕ್ಯಾಡಂ ಎಂದು ಟೆಂಡರುಗಳಲ್ಲಿದೆ, ಊರಿಗೆ ಬರುವಾಗ ಡಬ್ಲ್ಯುಬಿಎಂ ಆಗುತ್ತದೆ. ಆದರೆ ಅವನು ಹೇಳಿದ ಮುಖ್ಯ ಸಂಗತಿ, ನೀರು ಹರಿದು ಹೋಗಲು ರಸ್ತೆಯ ನಡು ಎತ್ತರ ಅಂಚು ತಗ್ಗು ಇರಬೇಕು ಎಂಬುದು, ಇಂಗ್ಲಿಷಿನಲ್ಲಿ 'ಕ್ಯಾಂಬರ್'. ಕನ್ನಡದ ಗಾರೆ ಕೆಲಸದವರಲ್ಲಿ ಇದಕ್ಕೆ ಸೊಗಸಾದ ಪದವಿದೆ: ವಾಟ. ಬಚ್ಚಲಿಗೆ ವಾಟ ಕೊಡು, ಮಾಳಿಗೆಗೆ ವಾಟ ಕೊಡು. ಎರಡಕ್ಷರದಲ್ಲಿ ಮುಗಿಯಿತು. ಆ ಪದ ರಸ್ತೆಯ ಕಾಗದಕ್ಕೆ ಏರಲಿಲ್ಲ.

ಕನ್ನಡ ಪಾರಿಭಾಷಿಕ ಪದಗಳ ಚರ್ಚೆಯಲ್ಲಿ ಎರಡು ದಾರಿಗಳನ್ನು ನಾವು ಬಲ್ಲೆವು. ಒಂದು ಸಂಸ್ಕೃತದಿಂದ ಕಟ್ಟುವ ದಾರಿ. ಲೋಕೋಪಯೋಗಿ, ಕಾರ್ಯನಿರ್ವಾಹಕ, ಮಾರ್ಗಸೂಚಿ ಎಲ್ಲ ಅಲ್ಲಿಂದ ಬಂದವು. ಇನ್ನೊಂದು ಡಿ.ಎನ್. ಶಂಕರ ಭಟ್ಟರು ತೋರಿಸಿದ, ಇಂಗ್ಲಿಷ್ ಪದಗಳಿಗೆ ಕನ್ನಡದ್ದೇ ಬೇರುಗಳಿಂದ ಪದ ಕಟ್ಟುವ ದಾರಿ. ಎರಡನೆಯದರ ಬಗ್ಗೆ ನನಗೆ ಹೆಚ್ಚು ಒಲವಿದೆ. ಹೆದ್ದಾರಿ, ಮೇಲ್ಸೇತುವೆ, ರಸ್ತೆಯುಬ್ಬು ಇವೆಲ್ಲ ಗೆದ್ದ ಪದಗಳು, ಮಕ್ಕಳಿಗೂ ತಿಳಿಯುತ್ತವೆ. ಲಿಂಗಸೂಗೂರು, ಮಸ್ಕಿ, ಸಿಂಧನೂರು ದಾಟಿ ಬಳ್ಳಾರಿ ಕಡೆ ಹೋಗುವ 150ಎ ರಸ್ತೆಯನ್ನು ಜನ 'ಹೈವೇ' ಎಂದೂ 'ಹೆದ್ದಾರಿ' ಎಂದೂ ಒಂದೇ ಉಸಿರಿನಲ್ಲಿ ಹೇಳುತ್ತಾರೆ, ಜಗಳವಿಲ್ಲ. ಆದರೆ ಎರಡೂ ದಾರಿಯವರು ಪದಕ್ಕೆ ಪದ ಇಡುವ ಕೆಲಸವನ್ನೇ ಭಾಷೆಯ ಕೆಲಸ ಎಂದುಕೊಂಡಿದ್ದಾರೆ ಎಂಬುದು ನನ್ನ ತಕರಾರು. ಪದ ಯಾವ ಬೇರಿನದು ಎಂದು ಕೇಳುವಷ್ಟು ಗಟ್ಟಿಯಾಗಿ, ಅದನ್ನು ಹಿಡಿದು ಯಾರು ಯಾರನ್ನು ಏನು ಕೇಳಬಹುದು ಎಂದು ನಾವು ಕೇಳಿಲ್ಲ.

ಈ ಪ್ರಶ್ನೆಯನ್ನು ಸಾಹಿತ್ಯ ನಮಗಿಂತ ಮೊದಲೇ ಕೇಳಿತ್ತು. ದೇವನೂರ ಮಹಾದೇವ ಅವರ 'ದ್ಯಾವನೂರು' (1973) ಸಂಕಲನದಲ್ಲಿ 'ಡಾಂಬರು ಬಂದುದು' ಎಂಬ ಕತೆಯಿದೆ. ವಿದ್ಯಾರ್ಥಿಗಳಿಗೆ ಪರಿಚಿತ ಕತೆ, ಹಾಗಾಗಿ ಕತೆಯನ್ನು ಹೇಳದೆ ಹೆಸರಿನ ಮುಂದೆ ಮಾತ್ರ ಸ್ವಲ್ಪ ನಿಲ್ಲುತ್ತೇನೆ. ಎರಡೇ ಪದ. ಮೊದಲನೆಯದು ಹೊರಗಿನಿಂದ ಬಂದ ಪದ, ಬೀದಿಯ ಪದ. ಎರಡನೆಯದು 'ಬಂದುದು', ಬರವಣಿಗೆಯ ಗಂಭೀರ ಕನ್ನಡ, ಯಾವುದೋ ದೊಡ್ಡ ಘಟನೆಯನ್ನು ದಾಖಲಿಸುವ ಧಾಟಿ. ಒಂದು ಊರಿನ ಇತಿಹಾಸದಲ್ಲಿ ಡಾಂಬರು ಬಂದದ್ದು ರಾಜ ಬಂದಂತೆ, ಮಾರಿ ಬಂದಂತೆ. ಇದಕ್ಕಿಂತ ಮುಖ್ಯವಾದದ್ದು ಹೆಸರಿನಲ್ಲಿ ಇಲ್ಲದ್ದು. ಡಾಂಬರು ತಾನಾಗಿ ಬರುವುದಿಲ್ಲ. ಯಾರೋ ತರಿಸುತ್ತಾರೆ, ಯಾರೋ ಲೆಕ್ಕ ಬರೆಯುತ್ತಾರೆ, ಯಾರದೋ ಮನೆಯ ಮುಂದೆ ಇಳಿಯುತ್ತದೆ. ತಂದವರ ಹೆಸರನ್ನು ಬಿಟ್ಟು 'ಬಂತು' ಎನ್ನುವುದು ಊರಿನ ಮಾತಿನ ರೀತಿ, ಅದು ಅಧಿಕಾರಕ್ಕೂ ಅನುಕೂಲದ ರೀತಿ. ಕರೆಂಟು ಬಂತು, ನೀರು ಬಂತು, ರಸ್ತೆ ಬಂತು. ತಂದವರು ಯಾರು ಎಂದು ಕೇಳತೊಡಗಿದೊಡನೆ ಊರಿನೊಳಗೆ ಯಾರ ಕೈ ಮೇಲೆ ಎಂಬ ಮಾತು ಏಳುತ್ತದೆ. ಆ ಏಳುವಿಕೆಯಲ್ಲಿ ಕತೆಯಿದೆ. ಡಾಂಬರು ಎಂಬ ಪದ ಕನ್ನಡವೋ ಅಲ್ಲವೋ ಎಂಬುದು ಕತೆಗೆ ಪ್ರಶ್ನೆಯೇ ಅಲ್ಲ. ಆ ಪದದ ಕರ್ತೃ ಎಲ್ಲಿ ಎಂಬುದು ಪ್ರಶ್ನೆ.

ಇಲ್ಲಿಂದ ನಾನು ಮತ್ತೆ ರಸ್ತೆಗೆ ಇಳಿಯುತ್ತೇನೆ. ಊರಿನವಾದ ಪದಗಳ ಪಟ್ಟಿಯನ್ನು ಮತ್ತೊಮ್ಮೆ ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಖಡಿ, ಜಲ್ಲಿ, ಸೈಜುಗಲ್ಲು, ಮೆಟ್ಲಿಂಗ್, ಡಾಂಬರು, ರೋಲರ್, ಜೆಸಿಬಿ ಎಲ್ಲವೂ ರಸ್ತೆ ಕಟ್ಟುವ ಪದಗಳು. ಟೆಂಡರ್, ಬಿಲ್, ಪರ್ಸೆಂಟೇಜ್ ಇವೂ ಊರಿಗೆ ಚೆನ್ನಾಗಿ ಬಂದಿವೆ. ಅವು ರಾಜಕೀಯದ ಕಡೆಯಿಂದ ಬಂದವು, ಅರ್ಥ ವಿವರಿಸುವ ಅಗತ್ಯವೇ ಬೀಳಲಿಲ್ಲ. ಆದರೆ ಕಟ್ಟಿದ ರಸ್ತೆಯನ್ನು ಕಾಪಾಡುವ ಪದ ಒಂದೂ ಬಂದಿಲ್ಲ.

ಇಂಗ್ಲಿಷಿನಲ್ಲಿ ಅಂಥ ಪದಗಳಿಗೆ ಕೊರತೆಯಿಲ್ಲ. ರಸ್ತೆಯ ಕಾಯಿಲೆಗಳಿಗೆ ಎಂಜಿನಿಯರರು ವೈದ್ಯರಂತೆ ಹೆಸರಿಟ್ಟಿದ್ದಾರೆ. ಮೇಲಿನ ಖಡಿ ಒಂದೊಂದಾಗಿ ಕಿತ್ತುಬರುವುದು ರ‍್ಯಾವಲಿಂಗ್. ಗಾಲಿ ಓಡಿದಲ್ಲೇ ಓಡಿ ಉದ್ದಕ್ಕೆ ತಗ್ಗು ಬೀಳುವುದು ರಟ್ಟಿಂಗ್. ಮೊಸಳೆಯ ಚರ್ಮದಂತೆ ಚೌಕಚೌಕವಾಗಿ ಬಿರಿಯುವುದು ಅಲಿಗೇಟರ್ ಕ್ರ್ಯಾಕಿಂಗ್. ಬಿಸಿಲಿಗೆ ಡಾಂಬರು ಮೇಲೆ ಒಸರುವುದು ಬ್ಲೀಡಿಂಗ್. ಅಂಚು ಮುರಿಯುವುದು ಎಡ್ಜ್ ಬ್ರೇಕ್. ಈ ಹೆಸರುಗಳು ಅಲಂಕಾರಕ್ಕಲ್ಲ. ಒಂದೊಂದು ಹೆಸರೂ ಒಂದೊಂದು ಕಾರಣ ತೋರಿಸುತ್ತದೆ. ಖಡಿ ಕಿತ್ತರೆ ಡಾಂಬರು ಕಡಿಮೆ ಬಿದ್ದಿರಬಹುದು, ಅಥವಾ ಹಾಸುವಾಗ ಆರಿಹೋಗಿರಬಹುದು. ಮೊಸಳೆ ಬಿರುಕು ಬಿಟ್ಟರೆ ಅಡಿಯ ಪದರವೇ ಸೋತಿರಬಹುದು, ಮೇಲೆ ತೇಪೆ ಹಚ್ಚಿ ಪ್ರಯೋಜನವಿಲ್ಲ. ಅಂಚು ಮುರಿದರೆ ಬದಿಯ ಮಣ್ಣು ಕೊಚ್ಚಿಹೋಗಿದೆ ಎಂದರ್ಥ. ಹೆಸರು ಗೊತ್ತಿದ್ದರೆ ತಪ್ಪು ಯಾವ ಪದರದಲ್ಲಿದೆ ಎಂದು ಕೇಳಬಹುದು. ಇವನ್ನೆಲ್ಲ ಬರೀ 'ಗುಂಡಿ' ಎಂದರೆ ಉತ್ತರವೂ ಒಂದೇ: ಗುಂಡಿ ಮುಚ್ಚಿದ್ದೇವೆ.

ಜನರಿಗೆ ಈ ವ್ಯತ್ಯಾಸಗಳು ಕಾಣುವುದಿಲ್ಲವೇ? ಕಾಣುತ್ತವೆ. 'ಖಡಿ ಎದ್ದಾವು' ಎನ್ನುವವರು 'ರೋಡ್ ಕುಂತೈತಿ' ಎಂದಾಗ ಬೇರೆಯದನ್ನೇ ಹೇಳುತ್ತಿರುತ್ತಾರೆ. ಎರಡನೆಯದು ಅಡಿಪಾಯದ ದೂರು. ತಪ್ಪು ತಮ್ಮದೂ ಇದೆ ಎಂಬುದನ್ನೂ ಬಲ್ಲರು. ಗದ್ದೆಯ ಟ್ರ್ಯಾಕ್ಟರನ್ನು ಕೇಜ್‌ವೀಲ್ ಬಿಚ್ಚದೆ ಡಾಂಬರಿನ ಮೇಲೆ ಓಡಿಸಿದರೆ ಏನಾಗುತ್ತದೆಂದು ಭತ್ತ ಬೆಳೆಯುವ ಯಾವ ಊರಿಗೂ ಹೇಳಿಕೊಡಬೇಕಿಲ್ಲ. ತಿಳಿವಳಿಕೆ ಇದೆ, ಪದವೂ ಇದೆ. ಅದನ್ನು ಬರೆದುಕೊಳ್ಳುವ ಕಾಗದ ಮಾತ್ರ ಇಲ್ಲ. ಕಚೇರಿಯ ಕಾಗದದಲ್ಲಿ ರ‍್ಯಾವಲಿಂಗ್ ಇದೆ, ಊರಿನಲ್ಲಿ 'ಖಡಿ ಎದ್ದಾವು' ಇದೆ. ಎರಡೂ ಒಂದೇ ಎಂದು ಹೇಳುವ ಮಧ್ಯದವರು ಇಲ್ಲ.

1934ರಲ್ಲಿ ಹುಟ್ಟಿದ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಸಂಹಿತೆಗಳಾಗಲಿ, 2013ರಲ್ಲಿ ಐದನೆಯ ಬಾರಿ ಪರಿಷ್ಕರಿಸಿದ ಕೇಂದ್ರ ರಸ್ತೆ ಸಚಿವಾಲಯದ ದಪ್ಪ ನಿರ್ದಿಷ್ಟತೆಗಳ ಪುಸ್ತಕವಾಗಲಿ ಇಂಗ್ಲಿಷಿನಲ್ಲಿರುವುದನ್ನು ನಾನು ದೂರುತ್ತಿಲ್ಲ. ಎಂಜಿನಿಯರರ ನಡುವಿನ ಭಾಷೆ ಅದು, ಇರಲಿ. ದೂರು ಇರುವುದು ಆ ಪುಸ್ತಕ ಮುಗಿದು ಊರು ಶುರುವಾಗುವ ಜಾಗದ ಬಗ್ಗೆ. ಅಂಥ ಜಾಗ ಒಂದಿದೆ: ರಸ್ತೆಯ ಪಕ್ಕದ ಫಲಕ.

2000ದ ಡಿಸೆಂಬರ್‌ನಲ್ಲಿ ಶುರುವಾದ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯ ಒಂದು ಒಳ್ಳೆಯ ನಿಯಮವೆಂದರೆ, ರಸ್ತೆ ಕಟ್ಟಿದ ಗುತ್ತಿಗೆದಾರನೇ ಮುಂದಿನ 5 ವರ್ಷ ಅದನ್ನು ಸುಸ್ಥಿತಿಯಲ್ಲಿ ಇಡಬೇಕು. ಕಟ್ಟುವ ಒಪ್ಪಂದದ ಜೊತೆಗೇ ಕಾಪಾಡುವ ಒಪ್ಪಂದವೂ ಆಗುತ್ತದೆ. ಫಲಕವನ್ನು ಊರಿನ ಭಾಷೆಯಲ್ಲೇ ಹಾಕಬೇಕು ಎಂಬ ಆಶಯವೂ ಯೋಜನೆಯಲ್ಲಿದೆ. ಕರ್ನಾಟಕದಲ್ಲಿ ಹಾಗೆಯೇ ಕನ್ನಡದ ಫಲಕಗಳನ್ನು ನೋಡುತ್ತೇವೆ: ಕಾಮಗಾರಿಯ ಹೆಸರು, ಉದ್ದ, ಅಂದಾಜು ಮೊತ್ತ, ಗುತ್ತಿಗೆದಾರರ ಹೆಸರು, ಪೂರ್ಣಗೊಂಡ ದಿನಾಂಕ, ನಿರ್ವಹಣೆ ಅವಧಿ.

ಒಮ್ಮೆ ಆ ಸೀಮೆಯ ಒಳರಸ್ತೆಯೊಂದರಲ್ಲಿ ಟಂಟಂಗೆ ಕಾಯುತ್ತ ಇಂಥ ಫಲಕದ ಮುಂದೆ ನಿಂತಿದ್ದೆ. ಅದರ ನೆರಳಲ್ಲಿ ಕೂತಿದ್ದ ವಯಸ್ಸಾದವರೊಬ್ಬರು, ಹರೆಯದಲ್ಲಿ ಸಡಕಿನ ಕೆಲಸಕ್ಕೆ ಹೋದವರು, ಕೇಳಿದರು: 'ಸರ, ಇದರಾಗ ಏನ್ ಬರದಾರ ನೋಡ್ರಿ.' ಓದಿ ಹೇಳುತ್ತ ಹೋದೆ. ಮೊತ್ತ ಹೇಳಿದಾಗ ನಕ್ಕರು. 'ನಿರ್ವಹಣೆ ಅವಧಿ ಐದು ವರ್ಷ' ಎಂದಾಗ 'ಅಂದ್ರ?' ಎಂದರು. ನಾನು ಕನ್ನಡ ಸಾಹಿತ್ಯ ಓದಿದ ಮನುಷ್ಯ, ಪದದ ಅರ್ಥ ಹೇಳಲು ಬಾಯಿ ತೆರೆದು ತಡವರಿಸಿದೆ. ನಿರ್ವಹಣೆ ಎಂದರೆ ನಡೆಸಿಕೊಂಡು ಹೋಗುವುದು. ಸಭೆಯ ನಿರ್ವಹಣೆ, ಕಾರ್ಯಕ್ರಮದ ನಿರೂಪಣೆ ಮತ್ತು ನಿರ್ವಹಣೆ, ಕೋಪದ ನಿರ್ವಹಣೆ. ರಸ್ತೆಯನ್ನು ನಡೆಸಿಕೊಂಡು ಹೋಗುವುದು ಎಂದರೇನು? ಕೊನೆಗೆ ಪದವನ್ನು ಬಿಟ್ಟು ವಾಕ್ಯ ಹೇಳಿದೆ: 'ತಾತ, ಐದು ವರ್ಷದ ಒಳಗ ಈ ರೋಡ್ ಕೆಟ್ರ ಇವರ ಸರಿ ಮಾಡಿಕೊಡಬೇಕು, ರೊಕ್ಕ ಮೊದಲ ಗೊತ್ತು ಮಾಡ್ಯಾರ.' ಅವರು ಫಲಕವನ್ನೂ ನನ್ನನ್ನೂ ನೋಡಿ ಅಂದರು: 'ಹಂಗ ಬರೀಬೇಕಿಲ್ರಿ ಮತ್ತ.'

ಈ ಲೇಖನದ ವಿಮರ್ಶೆಯೆಲ್ಲ ಆ ಒಂದು ಮಾತಿನಲ್ಲಿದೆ. ಫಲಕದ ಕನ್ನಡ ತಪ್ಪು ಕನ್ನಡವಲ್ಲ. ಪ್ರತಿ ಇಂಗ್ಲಿಷ್ ಪದಕ್ಕೂ ಅಲ್ಲಿ ಒಂದು ಕನ್ನಡ ಪದವಿದೆ. ಇಲ್ಲದ್ದು ಕ್ರಿಯಾಪದ. ಮೆಂಟೆನೆನ್ಸ್ ಪೀರಿಯಡ್ ಎಂಬ ನಾಮಪದ ನಿರ್ವಹಣೆ ಅವಧಿ ಎಂಬ ನಾಮಪದವಾಯಿತು. ಯಾರು ಮಾಡಬೇಕು, ಏನು ಕೆಟ್ಟರೆ, ಯಾವಾಗಿನವರೆಗೆ, ಮಾಡದಿದ್ದರೆ ಯಾರಿಗೆ ಹೇಳಬೇಕು ಎಂಬುದು ಆ ಭಾಷಾಂತರದ ದಾರಿಯಲ್ಲಿ ಉದುರಿಹೋಯಿತು. ಇಂಗ್ಲಿಷ್ ಒಪ್ಪಂದದ ಕಾಗದದಲ್ಲಿ ಇದೆಲ್ಲ ಪುಟಗಟ್ಟಲೆ ವಾಕ್ಯಗಳಾಗಿ ಇರುತ್ತದೆ. ಊರಿಗೆ ಬಂದದ್ದು ತಲೆಬರಹ ಮಾತ್ರ. ಡಾಂಬರು 'ಬಂದ' ಹಾಗೆಯೇ ನಿರ್ವಹಣೆ ಕರ್ತೃವಿಲ್ಲದೆ ಬಂದು ನಿಂತಿದೆ.

ಕಾಪಾಡುವ ಮಾತು ಕನ್ನಡಕ್ಕೆ ಹೊಸದಲ್ಲ. ನಮ್ಮ ಕಡೆ ಮಣ್ಣಿನ ಮಾಳಿಗೆಯ ಮನೆಯಲ್ಲಿ ಬೆಳೆದವರಿಗೆ ಗೊತ್ತು, ಮಳೆ ಹಿಡಿಯುವ ಮೊದಲು ಮಾಳಿಗೆಗೆ ಸವಳು ಮಣ್ಣು ಹಾಕಿ ಬಡಿದು ನೀರು ಇಳಿಯದಂತೆ ಮಾಡಬೇಕು. ಯಾರು ಮಾಡಬೇಕು, ಯಾವ ತಿಂಗಳಲ್ಲಿ, ಮಣ್ಣು ಎಲ್ಲಿಂದ ತರಬೇಕು ಎಂಬುದರಲ್ಲಿ ಸಂಶಯವೇ ಇರಲಿಲ್ಲ. ಇನ್ನೂ ಹಿಂದೆ ಹೋದರೆ ಶಾಸನಗಳಿವೆ. ದೇವಾಲಯಕ್ಕೆ ದತ್ತಿ ಬಿಡುವಾಗ ನಮ್ಮ ಶಾಸನಗಳು 'ಖಂಡಸ್ಫುಟಿತ ಜೀರ್ಣೋದ್ಧಾರ'ಕ್ಕೆಂದು ಮತ್ತೆ ಮತ್ತೆ ಹೇಳುತ್ತವೆ. ಒಡೆದದ್ದು, ಬಿರಿದದ್ದು, ಹಳತಾದದ್ದು, ಇವನ್ನು ಮತ್ತೆ ಎತ್ತಿ ನಿಲ್ಲಿಸುವುದು. ರ‍್ಯಾವಲಿಂಗ್, ಕ್ರ್ಯಾಕಿಂಗ್ ಬರುವ ಎಷ್ಟೋ ಶತಮಾನ ಮೊದಲು ನಮ್ಮಲ್ಲಿ ಒಡಕಿಗೂ ಬಿರುಕಿಗೂ ಬೇರೆಬೇರೆ ಹೆಸರಿಟ್ಟು ರಿಪೇರಿಗೆ ಹಣ ತೆಗೆದಿಟ್ಟಿದ್ದರು. ಕೆರೆಗಳಿಗೆ ಬಿತ್ತುವಟ್ಟ, ಕಟ್ಟುಗೊಡಗೆ ಎಂಬ ಭೂದಾನಗಳಿದ್ದವು. ಪದಗಳು ಸಂಸ್ಕೃತವೋ ಕನ್ನಡವೋ ಮಿಶ್ರವೋ ಇರಲಿ, ಶಾಸನದ ಬಲ ಇದ್ದದ್ದು ಅದರ ವಾಕ್ಯದಲ್ಲಿ. ಇಂಥವನು, ಇಂಥ ದಿನ, ಇಂಥ ಭೂಮಿಯನ್ನು, ಇಂಥ ಕೆಲಸಕ್ಕೆ, ಇಂಥವರ ಎದುರಿಗೆ ಕೊಟ್ಟ. ಕೆಡಿಸಿದವನಿಗೆ ಇಂಥ ಪಾಪ. ಕರ್ತೃ, ಕ್ರಿಯೆ, ಹಣ, ಸಾಕ್ಷಿ, ಶಿಕ್ಷೆ, ಐದೂ ಇದ್ದವು. ಶಾಸನ ಬರೆಸಿದವರೆಲ್ಲ ಧರ್ಮಾತ್ಮರಾಗಿದ್ದರು ಎಂದು ನಾನು ಹೇಳುತ್ತಿಲ್ಲ. ಆ ಕಲ್ಲಿನ ಮುಂದೆ ಬಂದವನಿಗೆ ಪ್ರಶ್ನೆ ಕೇಳಲು ಬೇಕಾದದ್ದೆಲ್ಲ ಕಲ್ಲಿನಲ್ಲಿತ್ತು ಎಂದಷ್ಟೇ ಹೇಳುತ್ತಿದ್ದೇನೆ.

ಈ ಸೀಮೆಯಲ್ಲೇ ಇನ್ನೂ ಹಳೆಯ ಫಲಕವೊಂದಿದೆ. 1915ರಲ್ಲಿ ಸಿ. ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರ್ ಮಸ್ಕಿಯಲ್ಲಿ ಗುರುತಿಸಿದ ಅಶೋಕನ ಶಾಸನ. ದೇವಾನಾಂಪ್ರಿಯ ಎಂಬ ಬಿರುದಿನ ಜೊತೆ ಅಶೋಕ ಎಂಬ ಹೆಸರನ್ನೂ ಹೇಳಿದ್ದಕ್ಕೆ ಅದು ಜಗತ್ಪ್ರಸಿದ್ಧವಾಯಿತು. ರಸ್ತೆಯ ಬದಿಗೆ ಆಲದ ಮರ ನೆಡಿಸಿದೆ, ಬಾವಿ ತೋಡಿಸಿದೆ ಎಂದು ಬೇರೆ ಶಾಸನಗಳಲ್ಲಿ ಹೇಳಿಕೊಂಡ ರಾಜ ಅವನು. ಮಸ್ಕಿಯ ಬಂಡೆಯಲ್ಲಿ ಅವನು ಹೇಳುವ ಮಾತು, ಧರ್ಮ ದೊಡ್ಡವರಿಗೆ ಮಾತ್ರ ದಕ್ಕುವುದಲ್ಲ, ಸಣ್ಣವರಿಗೂ ದೊಡ್ಡವರಿಗೂ ಇದನ್ನು ತಿಳಿಸಬೇಕು ಎಂಬುದು. ಭಾಷೆ ಮಾತ್ರ ಪ್ರಾಕೃತ. ಈ ನೆಲದ ಸಣ್ಣವರು ಆಡುತ್ತಿದ್ದ ಮಾತು ಅದಾಗಿರಲಿಕ್ಕಿಲ್ಲ. ಓದಿ ಬಿಡಿಸಿ ಹೇಳುವವರು ಯಾರಾದರೂ ಇದ್ದಿರಬೇಕು. ಎಲ್ಲರಿಗೂ ತಿಳಿಯಲಿ ಎಂಬ ಆಶಯ ಮತ್ತು ಎಲ್ಲರಿಗೂ ತಿಳಿಯದ ಭಾಷೆ, ಈ ಎರಡೂ ಒಂದೇ ಕಲ್ಲಿನ ಮೇಲೆ ಕೂತಿರುವುದನ್ನು ನೋಡಿದರೆ ನಮ್ಮ ರಸ್ತೆಯ ಫಲಕ ಅಷ್ಟೇನೂ ಹೊಸದು ಅನ್ನಿಸುವುದಿಲ್ಲ. ವ್ಯತ್ಯಾಸವೆಂದರೆ ಅಶೋಕ ಇಲ್ಲಿಯವನಲ್ಲ. ನಮ್ಮ ರಾಜ್ಯಕ್ಕೆ 1963ರಿಂದ ಕನ್ನಡವೇ ಆಡಳಿತ ಭಾಷೆ. ನಮಗೆ ಆ ನೆಪ ಇಲ್ಲ.

ಕನ್ನಡ ಓದುವ ವಿದ್ಯಾರ್ಥಿಗಳಿಗೆ ನಾನು ಹೊಸ ಪದಗಳ ಪಟ್ಟಿ ಮಾಡಿ ಎಂದು ಹೇಳಲಾರೆ. ರ‍್ಯಾವಲಿಂಗಿಗೆ ಸಂಸ್ಕೃತದಲ್ಲೊಂದು, ಅಚ್ಚಗನ್ನಡದಲ್ಲೊಂದು ಪದ ಕಟ್ಟಿ ಎರಡು ಗುಂಪು ಜಗಳವಾಡುವಷ್ಟರಲ್ಲಿ ರಸ್ತೆಯ ಐದು ವರ್ಷ ಮುಗಿದಿರುತ್ತದೆ. ಮೈಲಿಗಲ್ಲು, ಸೈಜುಗಲ್ಲು, ಬೇಬಿ ಜಲ್ಲಿ ಮಾಡಿದ ಜನ ಪದಗಳ ವಿಷಯದಲ್ಲಿ ನಮ್ಮ ಸಹಾಯವನ್ನು ಕಾಯುತ್ತಿಲ್ಲ. ಪದ ಕೆಲಸಕ್ಕೆ ಬಂದರೆ ಅವರು ತಾವೇ ಸಂಧಿ ಮಾಡಿಕೊಳ್ಳುತ್ತಾರೆ. ಮೆಂಟೆನೆನ್ಸ್ ಎಂಬ ಪದ ಊರಿಗೆ ಬರಲಿಲ್ಲ, ಯಾಕೆಂದರೆ ಆ ಕೆಲಸ ಊರಿಗೆ ಬಂದದ್ದು ಕಡಿಮೆ. ಕೈಗೆ ಸಿಗದ ಕೆಲಸಕ್ಕೆ ಬಾಯಿ ಹೆಸರು ಇಡುವುದಿಲ್ಲ.

ನಮ್ಮ ಓದಿಗೆ ಒದಗುವ ಕೆಲಸ ಬೇರೆಯಿದೆ. ಕಾವ್ಯದ ಸಾಲಿನಲ್ಲಿ ಕರ್ತೃ ಎಲ್ಲಿ ಅಡಗಿದ್ದಾನೆ ಎಂದು ಹುಡುಕಲು ನಾವು ಕಲಿತಿದ್ದೇವೆ. ಅದೇ ಕಣ್ಣಿನಿಂದ ಫಲಕವನ್ನು, ನೋಟಿಸನ್ನು, ಗ್ರಾಮಸಭೆಯ ಠರಾವನ್ನು ಓದಬಹುದು. 'ಕಾಮಗಾರಿ ಪ್ರಗತಿಯಲ್ಲಿದೆ' ಎಂದು ಕಂಡಲ್ಲಿ ಯಾರ ಕಾಮಗಾರಿ, ಯಾರು ಮಾಡುತ್ತಿದ್ದಾರೆ ಎಂದು ವಾಕ್ಯ ತುಂಬಬಹುದು. ಊರಿನ 'ಖಡಿ ಎದ್ದಾವು' ಮತ್ತು ಕಚೇರಿಯ ರ‍್ಯಾವಲಿಂಗ್ ಒಂದೇ ಎಂದು ಒಂದು ಅರ್ಜಿಯಲ್ಲಿ ಬರೆದುಕೊಡಬಹುದು. ಇದು ಸಾಹಿತ್ಯದ ಕೆಲಸ ಅಲ್ಲ ಎನ್ನುವವರಿಗೆ 'ಡಾಂಬರು ಬಂದುದು' ಕತೆಯನ್ನು ಮತ್ತೊಮ್ಮೆ ಓದಲು ಹೇಳುತ್ತೇನೆ.

ಆ ತಾತ ಟಂಟಂ ಹತ್ತುವಾಗ ಇನ್ನೊಂದು ಮಾತು ಕೇಳಿದರು: 'ಐದು ವರ್ಷ ಎಂದು ಮುಗೀತೈತ್ರಿ?' ಫಲಕದಲ್ಲಿ ಪೂರ್ಣಗೊಂಡ ದಿನಾಂಕದ ಜಾಗ ಬಿಸಿಲಿಗೆ ಮಾಸಿತ್ತು. ನಾನು ಹತ್ತಿರ ಹೋಗಿ ಧೂಳು ಒರೆಸಿ ನೋಡಿದೆ. ತಿಂಗಳು ಕಾಣಿಸಿತು, ವರ್ಷ ಕಾಣಿಸಲಿಲ್ಲ.